ಕರಮಚಂದನಿಗೆ ಕಾಲಮ್ಮೇ ಇಲ್ಲ

ಪಂಕಜ್ ಕಪೂರ್‌ಗೆ ರಾಷ್ಟ್ರ ಪ್ರಶಸ್ತಿ ಮೂರು ಸಲ ಬಂದಿದೆ. ಅದರಲ್ಲಿ ಒಂದು ‘ರಾಖ್’ ಸಿನಿಮಾದ ಪೊಲೀಸ್ ಇನ್ಸ್‌ಪೆಕ್ಟರ್ ಪಾತ್ರಕ್ಕೆ. ಅದೇ ಪಂಕಜ್ ಕಪೂರ್ 1985ರಲ್ಲಿ ದೂರದರ್ಶನದಲ್ಲಿ ಕರಮಚಂದ್ ಆಗಿದ್ದರು. ಕಪ್ಪು ಕನ್ನಡಕ, ಕೈಯಲ್ಲಿ ಗಜ್ಜರಿ, ಪಕ್ಕದಲ್ಲಿ ಕಿಟ್ಟಿ. ದೇಶದ ತುಂಬ ಮಕ್ಕಳು ಗಜ್ಜರಿ ಕಡಿಯುತ್ತ ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿದ ಕಾಲ ಅದು. ಆ ಕರಮಚಂದನಿಗೆ ರಾಷ್ಟ್ರ ಪ್ರಶಸ್ತಿ ಬರಲಿಲ್ಲ. ಜ್ಯೂರಿ ನೋಡಿ ಬೇಡ ಅಂದದ್ದಲ್ಲ, ಜ್ಯೂರಿಯ ಮುಂದೆ ಅದು ಹೋಗುವ ದಾರಿಯೇ ಇರಲಿಲ್ಲ. ರಾಷ್ಟ್ರ ಪ್ರಶಸ್ತಿ ಇರೋದು ಸಿನಿಮಾಕ್ಕೆ. ಕಥಾಚಿತ್ರ, ಕಥೇತರ ಚಿತ್ರ, ಸಿನಿಮಾ ಕುರಿತ ಬರವಣಿಗೆ. ಧಾರಾವಾಹಿಗೆ ಆ ಅರ್ಜಿಯಲ್ಲಿ ಕಾಲಮ್ಮೇ ಇಲ್ಲ.

ನಾನು ದಿನಾ ಫಾರ್ಮ್ ಬರೆಯೋ ಕೆಲಸದವನು. ಡ್ರಾಪ್‌ಡೌನ್‌ನಲ್ಲಿ ಒಂದು ಆಯ್ಕೆ ಇಡಲಿಲ್ಲ ಅಂದ್ರೆ ಏನಾಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಆ ಆಯ್ಕೆಯ ಜನ ಡೇಟಾಬೇಸ್‌ನಲ್ಲಿ ಹುಟ್ಟೋದೇ ಇಲ್ಲ. ಮುಂದೆ ಯಾರಾದರೂ ರಿಪೋರ್ಟ್ ತೆಗೆದರೆ, ಅಂಥವರು ಯಾರೂ ಇರಲೇ ಇಲ್ಲ ಅಂತ ಬರುತ್ತೆ.

ಇನ್ನೊಬ್ಬರನ್ನು ನೋಡಿ. ಬಸು ಚಟರ್ಜಿ 1993ರಲ್ಲಿ ‘ಬ್ಯೋಮಕೇಶ್ ಬಕ್ಷಿ’ ತಂದರು. ಶರದಿಂದು ಬಂದ್ಯೋಪಾಧ್ಯಾಯರ ಬಂಗಾಳಿ ಕಥೆಗಳು, ಪಾತ್ರದಲ್ಲಿ ರಜಿತ್ ಕಪೂರ್. ಮೂರು ವರ್ಷ ಬಿಟ್ಟು ರಜಿತ್ ಕಪೂರ್‌ಗೆ ರಾಷ್ಟ್ರ ಪ್ರಶಸ್ತಿ ಬಂತು, ಶ್ಯಾಮ್ ಬೆನಗಲ್ ಸಿನಿಮಾದಲ್ಲಿ ಗಾಂಧೀಜಿ ಆಗಿದ್ದಕ್ಕೆ. ಗಾಂಧಿ ಪಾತ್ರಕ್ಕೆ ಕೊಟ್ಟದ್ದು ಸರಿಯೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಇವತ್ತಿಗೂ ಆ ಮನುಷ್ಯ ರಸ್ತೆಯಲ್ಲಿ ಸಿಕ್ಕರೆ ನಮ್ಮ ವಯಸ್ಸಿನವರ ಬಾಯಲ್ಲಿ ಬರೋದು ಬ್ಯೋಮಕೇಶನ ಹೆಸರು. ಜನರ ಲೆಕ್ಕ ಒಂದು, ಸರ್ಕಾರದ ಲೆಕ್ಕ ಇನ್ನೊಂದು. ಎರಡೂ ಟ್ಯಾಲಿ ಆಗ್ತಿಲ್ಲ.

ಈಗ ನಮ್ಮ ಕನ್ನಡಕ್ಕೆ ಬರೋಣ, ಇಲ್ಲಿ ಕಥೆ ಇನ್ನೂ ಚೆಂದ ಇದೆ. 1990ರ ಸುಮಾರಿಗೆ ದೂರದರ್ಶನದಲ್ಲಿ ‘ಗುಡ್ಡದ ಭೂತ’ ಬಂತು. ನಿರ್ದೇಶಕರು ಸದಾನಂದ ಸುವರ್ಣ, ಮುಲ್ಕಿಯವರು, ಮುಂಬೈಯ ಕನ್ನಡ ರಂಗಭೂಮಿಯಲ್ಲಿ ಪಳಗಿದವರು. ಆಗಿನ್ನೂ ಹೆಸರಾಗದ ಪ್ರಕಾಶ್ ರೈ ಅದರಲ್ಲಿದ್ದರು. ಕರಾವಳಿಯ ಒಂದು ಊರು, ಗುಡ್ಡದ ಮೇಲೊಂದು ಭೂತದ ಭಯ, ಊರೊಳಗೆ ಒಂದು ಗುಟ್ಟು. ಕೋಟು ಹಾಕಿದ, ಪೈಪು ಸೇದುವ ಪತ್ತೇದಾರ ಇಲ್ಲ ನಿಜ. ಆದರೆ ಎಲ್ಲರೂ ಹೆದರಿ ಕೈಮುಗಿಯುವ ಕಡೆ ನಿಂತು ‘ಇದರ ಹಿಂದೆ ಏನಿದೆ’ ಅಂತ ಕೇಳೋದಕ್ಕಿಂತ ಬೇರೆ ಪತ್ತೇದಾರಿ ಯಾವುದು? ಬೇಕರ್ ಸ್ಟ್ರೀಟಿನ ನಕಲು ಮಾಡದೆ ನಮ್ಮ ಮಣ್ಣಿನ ಭಯವನ್ನೇ ಕೇಸ್ ಫೈಲ್ ಮಾಡಿಕೊಂಡ ಧಾರಾವಾಹಿ ಅದು. ಅದು ಬಂದಾಗ ನಾನು ನೋಡಿ ತಿಳಿಯುವ ವಯಸ್ಸಿನವನಲ್ಲ. ಕಾಕಾನ ಬಾಯಲ್ಲಿ ಕಥೆ ಕೇಳಿದ್ದೆ, ನೋಡಿದ್ದು ಎಷ್ಟೋ ವರ್ಷದ ಮೇಲೆ, ಯೂಟ್ಯೂಬಿನಲ್ಲಿ, ಮುಖ ಯಾರದು ಅಂತ ಪತ್ತೆ ಹಚ್ಚುವುದೇ ಒಂದು ಪತ್ತೇದಾರಿ ಅನ್ನುವಂಥ ಮಸುಕು ಪ್ರತಿಯಲ್ಲಿ.

ಆ ಧಾರಾವಾಹಿಯ ಸುತ್ತಲಿನವರಿಗೆ ಏನೇನು ಸಿಕ್ಕಿತು ನೋಡಿ. ಸದಾನಂದ ಸುವರ್ಣರು ನಿರ್ಮಿಸಿದ, ಗಿರೀಶ ಕಾಸರವಳ್ಳಿ ನಿರ್ದೇಶಿಸಿದ ‘ಘಟಶ್ರಾದ್ಧ’ಕ್ಕೆ 1977ರ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂದಿತ್ತು. ಪ್ರಕಾಶ್ ರೈಗೆ ‘ಇರುವರ್’ಗೆ ಬಂತು, ‘ಕಾಂಚೀವರಂ’ಗೆ ಬಂತು. ‘ಗುಡ್ಡದ ಭೂತ’ದ ‘ಡೆನ್ನಾನ ಡೆನ್ನಾನ’ ಪಲುಕನ್ನು ಎತ್ತಿಕೊಂಡು 2015ರಲ್ಲಿ ‘ರಂಗಿತರಂಗ’ ಬಂತು, ಆ ಸಿನಿಮಾ ಆಸ್ಕರ್ ಪರಿಗಣನೆಗೆ ಅರ್ಹವಾದ ಚಿತ್ರಗಳ ಉದ್ದನೆಯ ಪಟ್ಟಿಗೂ ಹೋಗಿಬಂತು. ಮಗ, ಮೊಮ್ಮಗ, ಬೀಗರು ಎಲ್ಲರಿಗೂ ಶಾಲು ಹೊದಿಸಿ ಆಯ್ತು. ಮನೆ ಕಟ್ಟಿದ ಮುತ್ಯಾಗೆ ಮಾತ್ರ ‘ನೀವು ಯಾವ ಕೆಟಗರಿ?’ ಅಂತ ಕೇಳಿ ಬಾಗಿಲಲ್ಲೇ ನಿಲ್ಲಿಸಿದ್ದೇವೆ.

ಇದನ್ನೆಲ್ಲ ಆಫೀಸಿನ ಕ್ಯಾಂಟೀನಿನಲ್ಲಿ ಹೇಳಿದಾಗ ಪಕ್ಕದವನು ಅಂದ, ‘ಸೀರಿಯಲ್‌ಗೆಲ್ಲ ಯಾಕ್ ಗುರು ನ್ಯಾಷನಲ್ ಅವಾರ್ಡು? ನಮ್ಮಮ್ಮ ನೋಡ್ತಾರಲ್ಲ, ಸಾಕು.’ ಒಳ್ಳೆ ಹುಡುಗ, ಜಯನಗರದವನು. ಅವನ ಲ್ಯಾಪ್‌ಟಾಪಿನಲ್ಲಿ ಎರಡು ಕ್ರೈಮ್ ಸೀರೀಸ್ ಡೌನ್‌ಲೋಡ್ ಆಗಿ ಕೂತಿದ್ದವು. ಎಂಟೆಂಟು ಕಂತು, ಕಂತಿನ ಕೊನೆಗೆ ಒಂದು ಹೆಣ. ಅದು ‘ಕಂಟೆಂಟು’. ಅವನ ಅಮ್ಮ ನೋಡೋದು ‘ಸೀರಿಯಲ್ಲು’. ನಡುವೆ ಇರೋ ವ್ಯತ್ಯಾಸ ತಿಂಗಳ ಸಬ್‌ಸ್ಕ್ರಿಪ್ಷನ್ ದುಡ್ಡು.

ಸರ್ಕಾರಕ್ಕೂ ಇದೇ ರೋಗ. 2023ರಲ್ಲಿ ಗೋವಾದ ಚಲನಚಿತ್ರೋತ್ಸವದಲ್ಲಿ ಮೊದಲ ಬಾರಿಗೆ ಅತ್ಯುತ್ತಮ ವೆಬ್ ಸೀರೀಸ್ ಪ್ರಶಸ್ತಿ ಕೊಟ್ಟರು, ‘ಪಂಚಾಯತ್’ ಎರಡನೇ ಸೀಸನ್‌ಗೆ. ಯೋಗ್ಯ ಸೀರೀಸೇ. (ಎಂಜಿನಿಯರಿಂಗ್ ಮಾಡಿದ ಹುಡುಗ ಹಳ್ಳಿ ಪಂಚಾಯ್ತಿಗೆ ಹೋಗಿ ಒದ್ದಾಡೋ ಕಥೆ. ನಮ್ಮೂರಲ್ಲಿ ಹುಟ್ಟಿ ಬಿಇ ಮಾಡಿದ ನಮಗೆ ಅದು ಉಲ್ಟಾ.) ಹಾಗಾದರೆ ಕಂತು ಕಂತಾಗಿ ಹೇಳುವ ಕಥೆಯೂ ಕಲೆ ಅಂತ ಒಪ್ಪಿದಿರಿ ಅಂತಾಯ್ತಲ್ಲ? ಒಪ್ಪೋದಕ್ಕೆ ವಿದೇಶಿ ಕಂಪನಿಗಳ ಆ್ಯಪ್ ಬರಬೇಕಾಯ್ತಾ? ಅದೇ ಸರ್ಕಾರದ್ದೇ ದೂರದರ್ಶನ ನಾಲ್ಕು ದಶಕದ ಹಿಂದೆ ಅದೇ ಕೆಲಸ ಮಾಡಿತ್ತು, ಸಬ್‌ಸ್ಕ್ರಿಪ್ಷನ್ ಇಲ್ಲದೆ.

ನಮ್ಮ ಕಡೆಯ ಲೆಕ್ಕ ಇಲ್ಲಿ ಹೇಳಲೇಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲ್ಲೂಕು ಸೇರಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮುಂಚೆ ನಾವು ರಾಯಚೂರು ಜಿಲ್ಲೆ. 1975ರ ಆಗಸ್ಟಿನಿಂದ ಒಂದು ವರ್ಷ ಇಸ್ರೋ ಮತ್ತು ನಾಸಾ ಸೇರಿ ಸೈಟ್ ಅನ್ನೋ ಪ್ರಯೋಗ ನಡೆಸಿದವು. ಅಮೆರಿಕದ ಉಪಗ್ರಹದಿಂದ ನೇರವಾಗಿ ಹಳ್ಳಿಯ ಟಿವಿಗೆ. ಆರು ರಾಜ್ಯ, ಸುಮಾರು 2400 ಹಳ್ಳಿ. ಕರ್ನಾಟಕದಲ್ಲಿ ಆರಿಸಿದ್ದು ಬಿಜಾಪುರ, ಗುಲಬರ್ಗಾ ಮತ್ತು ರಾಯಚೂರು ಜಿಲ್ಲೆಗಳನ್ನ. ಕೋಳಿ ಗೂಡಿನ ಜಾಲರಿಯಂಥ ತಂತಿಯ ಡಿಶ್ಶು, ಸಾರ್ವಜನಿಕ ಜಾಗದಲ್ಲಿ ಒಂದು ಟಿವಿ, ಮುಂದೆ ಊರಿಗೆ ಊರೇ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅಂದರೆ ‘ಹಿಂದುಳಿದ’ ಅನ್ನೋ ಪದ ಹೆಸರಿಗೇ ಅಂಟಿಸಿಕೊಂಡ ನಮ್ಮ ಭಾಗ ರಾಜಧಾನಿಗಿಂತ ಆರು ವರ್ಷ ಮೊದಲೇ ಟಿವಿ ಕಂಡಿತ್ತು. ಈ ಮಾತು ಬೆಂಗಳೂರಲ್ಲಿ ಹೇಳಿದರೆ ಯಾರೂ ನಂಬಲ್ಲ, ಗೂಗಲ್ ಮಾಡ್ತಾರೆ.

ಟಿವಿ ನಮಗೆ ಟೈಂಪಾಸ್ ಆಗಿರಲಿಲ್ಲ. ನನ್ನ ಬಾಲ್ಯದಲ್ಲಿ ನಮ್ಮೂರಿಗೆ ಗ್ರಂಥಾಲಯ ಇರಲಿಲ್ಲ, ಟಾಕೀಸ್‌ಗೆ ಹೋಗೋಕೆ ಬಸ್ ಹಿಡಿಯಬೇಕಿತ್ತು. ಕಥೆ ಅಂತ ಇದ್ದದ್ದು ಎರಡೇ: ರಾತ್ರಿ ಬಯಲಾಟ, ಮತ್ತು ಆ ಕಪ್ಪು ಬಿಳುಪು ಪೆಟ್ಟಿಗೆ. ಬ್ಯೋಮಕೇಶ್ ಬಂದ ದಿನ ಕರೆಂಟ್ ಹೋದರೆ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಟಿವಿಗೆ ಹಚ್ಚುತ್ತಿದ್ದರು. ಬ್ಯಾಟರಿ ಇಳಿದಂತೆ ಪರದೆ ಸಣ್ಣಗಾಗುತ್ತ ಬಂದು, ಕೊನೆಗೆ ಕೊಲೆಗಾರನ ಹೆಸರು ಹೇಳುವ ಹೊತ್ತಿಗೆ ಬ್ಯೋಮಕೇಶ ಬೆಂಕಿಪೊಟ್ಟಣದಷ್ಟಾಗಿರುತ್ತಿದ್ದ. ಹಿಂದಿ? ನಿಜಾಮರ ಕಾಲದಿಂದ ದಖನಿ ಕೇಳಿದ ಕಿವಿಗಳು ನಮ್ಮವು, ಅರ್ಧ ತಿಳಿಯುತ್ತಿತ್ತು. ಉಳಿದರ್ಧ ಕಟ್ಟೆ ಮೇಲೆ ಮರುದಿನ ಚರ್ಚೆ ಮಾಡಿ ತುಂಬಿಕೊಳ್ಳುತ್ತಿದ್ದೆವು. ‘ಅಂವಾ ಯಾಕ ಕೊಂದಿರಬೇಕಲೇ? ಆಸ್ತಿ ಸಲುವಾಗಿ ಅಲ್ಲೇನು?’ ‘ಏ ಆಸ್ತಿ ಅಲ್ಲೋ, ಆ ಪತ್ರ ಇತ್ತಲ್ಲ, ಅದರ ಸಲುವಾಗಿ.’ ಸಾಕ್ಷಿ ಏನು, ಸುಳ್ಳು ಯಾರು ಹೇಳಿದರು, ಆ ಹೊತ್ತಿಗೆ ಯಾರು ಎಲ್ಲಿದ್ದರು. ಏಳನೇ ಕ್ಲಾಸಿನ ಹುಡುಗರು ಹೀಗೆ ಜಗಳ ಆಡುತ್ತಿದ್ದೆವು. ಊರಲ್ಲಿ ಯಾರದೋ ಪಂಪ್‌ಸೆಟ್ಟಿನ ಸ್ಟಾರ್ಟರ್ ಕಳುವಾದಾಗ ಹಿರಿಯರು ದೇವರು ಕೇಳಿಸಲು ಹೊರಟರೆ, ನಾವು ಹುಡುಗರು ಹೊಲದ ಬದುವಿನ ಮೇಲೆ ಚಪ್ಪಲಿ ಗುರುತು ಹುಡುಕಲು ಹೊರಟಿದ್ದೆವು. ಸ್ಟಾರ್ಟರ್ ಸಿಗಲಿಲ್ಲ ಬಿಡಿ.

ಇವತ್ತು ಪ್ರೊಡಕ್ಷನ್‌ನಲ್ಲಿ ಏನಾದರೂ ಬಿದ್ದಾಗ ರಾತ್ರಿ ಎರಡು ಗಂಟೆಗೆ ಲಾಗ್ ತೆಗೆದು ಕೂತು ಮಾಡೋ ಕೆಲಸ ಅದೇ. ಯಾವಾಗ ಬಿತ್ತು, ಅದಕ್ಕೂ ಮುಂಚೆ ಯಾರು ಏನು ಬದಲಾಯಿಸಿದರು, ಯಾರ ಹೇಳಿಕೆ ಟೈಮ್‌ಸ್ಟ್ಯಾಂಪಿಗೆ ಹೊಂದುತ್ತಿಲ್ಲ. ಇದಕ್ಕೆ ಕಂಪನಿಗಳು ರೂಟ್ ಕಾಸ್ ಅನಾಲಿಸಿಸ್ ಅಂತ ಹೆಸರಿಟ್ಟು ಎರಡು ದಿನದ ಟ್ರೈನಿಂಗ್ ಕೊಡುತ್ತವೆ. ನನಗೆ ಅದನ್ನು ಕಲಿಸಿದ್ದು ಯಾವ ಕಾಲೇಜೂ ಅಲ್ಲ.

‘ಜನ ಮೆಚ್ಚಿದ್ದರಲ್ಲ, ಮತ್ತೆ ಪ್ರಶಸ್ತಿ ಯಾಕೆ?’ ಅನ್ನೋರು ಇದ್ದಾರೆ. ಕೇಳಲು ಬಹಳ ಚೆಂದದ ಮಾತು. ಆದರೆ ಈ ಮಾತನ್ನು ಸಿನಿಮಾಕ್ಕೆ ಯಾರೂ ಹೇಳಲ್ಲ. ಪ್ರಶಸ್ತಿ ಅಂದರೆ ಫಲಕ, ಶಾಲು, ಏಲಕ್ಕಿ ಹಾರ ಮಾತ್ರ ಅಂತ ಇವರು ತಿಳಿದಿದ್ದಾರೆ. ನನಗೆ ಏಲಕ್ಕಿ ಹಾರದ ಚಿಂತೆ ಇಲ್ಲ. ಪ್ರಶಸ್ತಿ ಬಂದ ವಸ್ತುವನ್ನು ವ್ಯವಸ್ಥೆ ಕಾಯುತ್ತದೆ, ನನ್ನ ಜಗಳ ಅಲ್ಲಿಂದ ಶುರು.

‘ಘಟಶ್ರಾದ್ಧ’ವನ್ನೇ ತಗೊಳ್ಳಿ. ಸ್ವರ್ಣಕಮಲ ಬಂದ ಚಿತ್ರ. ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ನಲ್ಲಿ ಉಳಿಯಿತು. ಅದು ಉಳಿದದ್ದರಿಂದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ಫಿಲ್ಮ್ ಫೌಂಡೇಶನ್‌ನವರು ಸೇರಿ ಅದನ್ನು ಹೊಸದಾಗಿ ತೊಳೆದು ತಿದ್ದಿ, 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದರು. ಸುವರ್ಣರು ಆ ವರ್ಷ ಜುಲೈನಲ್ಲಿ, ಉತ್ಸವಕ್ಕೆ ಕೆಲವೇ ವಾರ ಮುಂಚೆ, ತೀರಿಹೋದರು. ಒಬ್ಬನೇ ಮನುಷ್ಯ, ಎರಡು ಕೆಲಸ. ನಿರ್ಮಾಪಕನಾಗಿ ಮಾಡಿದ ಸಿನಿಮಾ 47 ವರ್ಷದ ಮೇಲೂ ನಿನ್ನೆ ತೆಗೆದ ಹಾಗೆ ಹೊಳೆಯುತ್ತ ವೆನಿಸ್‌ಗೆ ಹೋಯಿತು. ನಿರ್ದೇಶಕನಾಗಿ ಮಾಡಿದ, ಅದಕ್ಕಿಂತ ಹದಿಮೂರು ವರ್ಷ ಚಿಕ್ಕದಾದ ಧಾರಾವಾಹಿಯನ್ನು ನಾನು ಕಣ್ಣು ಕಿರಿದು ಮಾಡಿ ನೋಡಬೇಕಾಯ್ತು.

ಟೇಪ್ ಅಂದರೆ ಫಿಲ್ಮಿನ ಹಾಗಲ್ಲ, ಅದರ ಮೇಲೆ ಮತ್ತೊಂದನ್ನು ರೆಕಾರ್ಡ್ ಮಾಡಬಹುದು. ಬಿಬಿಸಿಯಂಥ ಬಿಬಿಸಿಯೇ ಹೀಗೆ ಅಳಿಸಿ ಕೂತಿತ್ತು. 1968ರಲ್ಲಿ ಪೀಟರ್ ಕುಶಿಂಗ್ ಶೆರ್ಲಾಕ್ ಹೋಮ್ಸ್ ಆಗಿ ಮಾಡಿದ 16 ಕಂತುಗಳಲ್ಲಿ ಇವತ್ತು ಉಳಿದಿರೋದು ಆರೇ. ಆ ಹೊತ್ತಿನ ಲೆಕ್ಕದಲ್ಲಿ ಟೇಪಿನ ಬೆಲೆ ಹೆಚ್ಚು, ಹೋಮ್ಸ್‌ನ ಬೆಲೆ ಕಡಿಮೆ. ಇದಕ್ಕೆಲ್ಲ ಬೆಲೆ ಇದೆ ಅಂತ ಯಾರೋ ಒಬ್ಬರು ಅಧಿಕೃತವಾಗಿ ಸೀಲು ಒತ್ತಿ ಹೇಳಿರಬೇಕಾಗುತ್ತೆ. ಗೋದಾಮಿನ ಗುಮಾಸ್ತ ಅಳಿಸೋ ಮುಂಚೆ ಆ ಸೀಲು ನೋಡಿ ಕೈ ಹಿಂದೆಗೆಯುತ್ತಾನೆ.

ಅಮೆರಿಕದಲ್ಲಿ ಹೇಗೆ ಅಂತ ಕೇಳುವವರಿಗೆ: ಕೊಲಂಬೋ ಪಾತ್ರಕ್ಕೆ ಪೀಟರ್ ಫಾಕ್‌ಗೆ ನಾಲ್ಕು ಎಮ್ಮಿ ಬಂದವು, ಮೊದಲನೆಯದು 1972ರಲ್ಲಿ, ಕೊನೆಯದು 1990ರಲ್ಲಿ. ಮುದುಡಿದ ರೇನ್‌ಕೋಟಿನ ಪೊಲೀಸಿನವನಿಗೆ! ಪತ್ತೇದಾರಿ ಲೇಖಕರ ಸಂಘವೇ ಕೊಡುವ ಎಡ್ಗರ್ ಪ್ರಶಸ್ತಿಯಲ್ಲೂ ಟಿವಿ ಕಂತಿಗೆ ಪ್ರತ್ಯೇಕ ವಿಭಾಗ ಇದೆ. ಅಲ್ಲೂ ಟಿವಿಯನ್ನು ಮೂರ್ಖರ ಪೆಟ್ಟಿಗೆ ಅಂತಲೇ ಬೈದರು. ಬೈಯುತ್ತಲೇ ಒಳ್ಳೆಯದನ್ನು ಬೇರೆ ಮಾಡಿ ಇಟ್ಟರು. 2020ರಲ್ಲಿ ನಮ್ಮ ‘ಡೆಲ್ಲಿ ಕ್ರೈಮ್’ಗೆ ಅಂತರರಾಷ್ಟ್ರೀಯ ಎಮ್ಮಿ ಬಂದಾಗ ಇಲ್ಲಿ ಪಟಾಕಿ ಹೊಡೆದದ್ದೇ ಹೊಡೆದದ್ದು. ಪೊಲೀಸ್ ತನಿಖೆಯ ಧಾರಾವಾಹಿ ಅದು. ನಮ್ಮ ಪತ್ತೇದಾರಿಗೆ ಬಹುಮಾನ ಕೊಡಲು ನ್ಯೂಯಾರ್ಕಿನವರೇ ಬರಬೇಕು.

ಅಷ್ಟು ದೂರ ಯಾಕೆ, ಕೇರಳ ಇದೆಯಲ್ಲ. ಅಲ್ಲಿನ ಸರ್ಕಾರ ಚಲನಚಿತ್ರ ಅಕಾಡೆಮಿಯ ಮೂಲಕ ಟಿವಿಗೇ ಪ್ರತ್ಯೇಕ ರಾಜ್ಯ ಪ್ರಶಸ್ತಿ ಕೊಡುತ್ತ ಬಂದಿದೆ. 2021ರಲ್ಲಿ ಅಲ್ಲಿನ ಜ್ಯೂರಿ ಏನು ಮಾಡಿತು ಗೊತ್ತಾ? ಬಂದ ಧಾರಾವಾಹಿಗಳಲ್ಲಿ ಯಾವುದೂ ಯೋಗ್ಯವಿಲ್ಲ ಅಂತ ಅತ್ಯುತ್ತಮ ಧಾರಾವಾಹಿ ಪ್ರಶಸ್ತಿಯನ್ನೇ ತಡೆಹಿಡಿಯಿತು. ಸುದ್ದಿ ಓದಿ ನನಗೆ ಎಷ್ಟು ಖುಷಿ ಆಯ್ತು ಅಂದ್ರೆ! ಕೊಡಲ್ಲ ಅಂತ ಹೇಳಲು ಬಂದರೆ ತಾನೇ ಕೊಟ್ಟದ್ದಕ್ಕೆ ತೂಕ. ನಮ್ಮಲ್ಲಿ ಸಿನಿಮಾಕ್ಕೆ 1960ರ ದಶಕದಿಂದ ರಾಜ್ಯ ಪ್ರಶಸ್ತಿ ಇದೆ. ಕಿರುತೆರೆಗೆ ಹಾಗೆ ಬೇರು ಬಿಟ್ಟ ಪರಂಪರೆ ಬೆಳೆಯಲಿಲ್ಲ. ಆ ಜಾಗವನ್ನು ಚಾನೆಲ್‌ಗಳ ವಾರ್ಷಿಕ ಜಾತ್ರೆಗಳು ತುಂಬಿವೆ. ಚಾನೆಲ್ ತನ್ನದೇ ಧಾರಾವಾಹಿಗೆ ತಾನೇ ಪ್ರಶಸ್ತಿ ಕೊಟ್ಟುಕೊಳ್ಳುತ್ತೆ. ಮೆಚ್ಚಿನ ಸೊಸೆ, ಮೆಚ್ಚಿನ ಅತ್ತೆ, ಮೆಚ್ಚಿನ ಜೋಡಿ. ಯಾರೂ ಬರಿಗೈಲಿ ಮನೆಗೆ ಹೋಗಲ್ಲ. ನಮ್ಮ ಕಂಪನಿಯ ‘ಸ್ಪಾಟ್ ಅವಾರ್ಡ್’ ನೆನಪಾಗುತ್ತೆ, ಮ್ಯಾನೇಜರ್ ತನ್ನ ಟೀಮಿಗೆ ತಾನೇ ಸರದಿ ಪ್ರಕಾರ ಹಂಚೋದು.

ಆ ಪಟ್ಟಿಯಲ್ಲಿ ಸೊಸೆ ಇದ್ದಾಳೆ, ಅತ್ತೆ ಇದ್ದಾಳೆ, ಪತ್ತೇದಾರ ಎಲ್ಲಿ? ಇಲ್ಲ, ಯಾಕಂದ್ರೆ ಆ ಥರದ ಧಾರಾವಾಹಿ ಈಗ ಬರೋದೇ ಅಪರೂಪ. ಸೊಸೆಗೆ ಬಹುಮಾನ ಇರುವಲ್ಲಿ ಸೊಸೆಯ ಕಥೆಗಳೇ ಬೆಳೆಯುತ್ತವೆ. ಮೆಟ್ರಿಕ್ ಯಾವುದೋ ಕೋಡ್ ಅದೇ ಅಂತ ನಮ್ಮ ಫೀಲ್ಡಿನಲ್ಲಿ ಎಲ್ಲರಿಗೂ ಗೊತ್ತು. ಹದಿಮೂರು ಕಂತಿಗೆ ಮುಗಿಯುವ, ಕೊನೆಯಲ್ಲಿ ಉತ್ತರ ಇರುವ ಕಥೆ ಮಾಡಿದವನಿಗೆ ಟಿಆರ್‌ಪಿಯೂ ಇಲ್ಲ, ಪ್ರಶಸ್ತಿಯೂ ಇಲ್ಲ ಅಂದರೆ ಅವನು ಯಾವ ಧೈರ್ಯದ ಮೇಲೆ ಮಾಡಬೇಕು?

ಪತ್ತೇದಾರಿಯ ಮೇಲಿನ ತಾತ್ಸಾರ ಟಿವಿಯಿಂದ ಶುರುವಾದದ್ದೂ ಅಲ್ಲ. ಎನ್. ನರಸಿಂಹಯ್ಯನವರು 1950ರ ದಶಕದಿಂದ ಐನೂರರಷ್ಟು ಪತ್ತೇದಾರಿ ಕಾದಂಬರಿ ಬರೆದರು. ಓದಿದ್ದು ನಾಲ್ಕನೇ ಕ್ಲಾಸು. ಬಾಡಿಗೆ ಪುಸ್ತಕದಂಗಡಿಗಳಲ್ಲಿ ಅವರ ಪುಸ್ತಕಕ್ಕೆ ಸಾಲು ನಿಲ್ಲುತ್ತಿದ್ದರಂತೆ. ಕನ್ನಡ ಓದುವ ಚಟ ಹತ್ತಿಸಿಕೊಂಡ ಒಂದು ತಲೆಮಾರೇ ಅವರ ಪತ್ತೇದಾರ ಪುರುಷೋತ್ತಮನ ಹಿಂದೆ ನಡೆದು ಬಂದಿದೆ. ಆದರೂ ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಅವರು ಬರೋದು ಅಡಿಟಿಪ್ಪಣಿಯ ಹತ್ತಿರ. ತೇಜಸ್ವಿ ಕಥೆಯನ್ನು ಇಟ್ಟುಕೊಂಡು ಇದೇ ಸುವರ್ಣರು ‘ಕುಬಿ ಮತ್ತು ಇಯಾಲ’ ಸಿನಿಮಾ ಮಾಡಿದರು. ಹಳ್ಳಿಗೆ ಬಂದ ಡಾಕ್ಟರೊಬ್ಬ ಒಂದು ಸಾವಿನ ಬೆನ್ನು ಹತ್ತುವ ಕಥೆ. ಅದನ್ನು ಯಾರೂ ಪತ್ತೇದಾರಿ ಅನ್ನಲ್ಲ. ಕಥೆ ಗಂಭೀರವಾದ ಕೂಡಲೇ ಅದರ ಮೈಮೇಲಿಂದ ‘ಪತ್ತೇದಾರಿ’ ಅನ್ನೋ ಲೇಬಲ್ ಕಿತ್ತು ‘ಕಲಾತ್ಮಕ’ ಅನ್ನೋದನ್ನು ಅಂಟಿಸುತ್ತೇವೆ. ಆಮೇಲೆ ಪತ್ತೇದಾರಿಯಲ್ಲಿ ಗಂಭೀರವಾದದ್ದು ಏನೂ ಇಲ್ಲ ಅಂತ ನಾವೇ ತೀರ್ಪು ಕೊಡುತ್ತೇವೆ.

ಲಾಕ್‌ಡೌನ್ ನೆನಪಿದೆಯಾ? 2020ರ ಮಾರ್ಚ್ ಕೊನೆಗೆ ದೂರದರ್ಶನ ಹಳೆಯ ಧಾರಾವಾಹಿಗಳನ್ನು ಮತ್ತೆ ಹಾಕಿತು. ರಾಮಾಯಣದ ಸುದ್ದಿ ಎಲ್ಲ ಪತ್ರಿಕೆಯಲ್ಲೂ ಬಂತು, ಜೊತೆಗೆ ಬ್ಯೋಮಕೇಶನೂ ಬಂದಿದ್ದ. ನಾನು ಯಲಬುರ್ಗಾ ಕಡೆಯ ನಮ್ಮೂರಲ್ಲಿ ಕೂತು, ಮಾಳಿಗೆ ಮೇಲೆ ಸಿಗ್ನಲ್ ಹುಡುಕುತ್ತ ವರ್ಕ್ ಫ್ರಮ್ ಹೋಮ್ ಮಾಡ್ತಿದ್ದೆ. ಕೆಳಗೆ ಅಪ್ಪ ಟಿವಿ ಮುಂದೆ. ನನ್ನ ತಂಗಿಯ ಮಗ, ಹತ್ತು ವರ್ಷದವನು, ಯೂಟ್ಯೂಬ್ ಶಾರ್ಟ್ಸ್ ಬಿಟ್ಟು ಬೇರೇನೂ ನೋಡದವನು, ಅಜ್ಜನ ಪಕ್ಕ ಕೂತು ‘ಅಜ್ಜಾ, ಅಂವಾ ಸುಳ್ಳ ಹೇಳಾಕತ್ತಾನ ನೋಡು’ ಅಂತ ತೋರಿಸ್ತಿದ್ದ. ಗ್ರಾಫಿಕ್ಸ್ ಇಲ್ಲ, ಗುಂಡಿನ ಸದ್ದಿಲ್ಲ. ಧೋತ್ರ ಉಟ್ಟ ಒಬ್ಬ ಮನುಷ್ಯ ಕೋಣೆಯಲ್ಲಿ ಕೂತು ಯೋಚನೆ ಮಾಡ್ತಾನೆ ಅಷ್ಟೆ. ಆ ಜೂನ್ 4ಕ್ಕೆ ಬಸು ಚಟರ್ಜಿ ತೀರಿಕೊಂಡರು. ನಾನು ನೋಡಿದ ಶ್ರದ್ಧಾಂಜಲಿಗಳಲ್ಲಿ ‘ರಜನೀಗಂಧಾ’, ‘ಛೋಟೀ ಸೀ ಬಾತ್’ ಮೊದಲ ಸಾಲಲ್ಲಿದ್ದವು, ಬ್ಯೋಮಕೇಶ್ ಕೊನೆಯ ಪ್ಯಾರಾದಲ್ಲಿ.

ಹಾಗಾಗಿ ಕೇಳೋದು ಇಷ್ಟು. ರಾಷ್ಟ್ರ ಪ್ರಶಸ್ತಿಯಲ್ಲಿ ಧಾರಾವಾಹಿಗೆ ವಿಭಾಗ ತೆರೆಯಿರಿ, ವೆಬ್ ಸೀರೀಸ್‌ಗೆ ತೆರೆದ ಕೈ ಇದಕ್ಕೂ ತೆರೆಯಲಿ. ನಮ್ಮ ರಾಜ್ಯ ಕೇರಳದ್ದನ್ನು ನೋಡಿ ಕಲಿಯಲಿ, ಕೊಡದೆ ಇರುವ ಅಧಿಕಾರ ಸಮೇತ. ಮತ್ತು ಹಿಂದಿನದಕ್ಕೆ ಒಂದು ಬಾಗಿಲು ಬೇಕು, ದೂರದರ್ಶನ ಒಂದೇ ಇದ್ದ ಕಾಲದ ಧಾರಾವಾಹಿಗಳಿಗೆ ವರ್ಷಕ್ಕೆ ಒಂದಾದರೂ ಗೌರವ. ಅದರ ಷರತ್ತು ಏನಿರಬೇಕು ಅಂದರೆ, ಪ್ರಶಸ್ತಿ ಘೋಷಣೆಯಾದ ಧಾರಾವಾಹಿಯ ಮೂಲ ಟೇಪನ್ನು ಹುಡುಕಿ, ಡಿಜಿಟೈಸ್ ಮಾಡಿ, ಹಾಕಿದ ಉಪಶೀರ್ಷಿಕೆ ಸಮೇತ ಎಲ್ಲರಿಗೂ ಸಿಗುವ ಹಾಗೆ ಇಡಬೇಕು. ದುಡ್ಡು ಫಲಕಕ್ಕೆ ಬೇಡ, ಅದಕ್ಕೆ ಹೋಗಲಿ. ಮೊದಲ ಹೆಸರು ಯಾವುದು ಅಂತ ನನ್ನನ್ನು ಕೇಳಿದರೆ ‘ಗುಡ್ಡದ ಭೂತ’.

ಸರ್ಕಾರ ಮಾಡುವವರೆಗೆ ಒಂದು ಕೆಲಸ ನಾವು ಮಾಡಬಹುದು. ನಿಮ್ಮಲ್ಲಿ ಕೆಲವರ ಊರಿನ ಮನೆಯ ಅಟ್ಟದ ಮೇಲೆ, ಅಪ್ಪನ ಮದುವೆ ಕ್ಯಾಸೆಟ್ಟಿನ ಜೊತೆ, ಯಾರೋ ಮಾವ ವಿಸಿಆರ್‌ನಲ್ಲಿ ಟಿವಿಯಿಂದ ರೆಕಾರ್ಡ್ ಮಾಡಿಟ್ಟ ಕ್ಯಾಸೆಟ್ಟುಗಳು ಇರುತ್ತವೆ. ದಸರಾಕ್ಕೆ ಊರಿಗೆ ಹೋದಾಗ ಅಮ್ಮ ಅಟ್ಟ ಸ್ವಚ್ಛ ಮಾಡಿ ರದ್ದಿಯವನನ್ನು ಕರೆಯುವ ಮುಂಚೆ ಒಮ್ಮೆ ಹತ್ತಿ ನೋಡಿ. ಮೇಲೆ ಪೆನ್ನಿನಲ್ಲಿ ಏನಾದರೂ ಬರೆದಿದ್ದರೆ ಓದಿ. ನಡುವೆ ನಿರ್ಮಾ ಜಾಹೀರಾತು ಇದ್ದರೂ ಪರವಾಗಿಲ್ಲ, ಇಟ್ಟುಕೊಳ್ಳಿ.